ಮಷೀನ್ ಇಳಿಸದೇ ವಾಪಸ್ ಹೋದವ್ರಿಗೆ ಮೂರೂವರೆ ಸ್ಟಾರ್

ನಮ್ಮ ಗಾಲ್ಫ್ ಕೋರ್ಸಿನ ಹುಲ್ಲಿಗೆ ತೂತು ಹಾಕಿ ಮರಳು ತುಂಬೋಕೆ ಕರೆಸಿದ್ದ ಸರ್ವಿಸ್‌ನವ್ರು ಟ್ರೈಲರ್ ತುಂಬ ಮಷೀನ್ ಹೇರ್ಕೊಂಡು ಬೆಳಗ್ಗೆ ಏಳು ಗಂಟೆಗೆಲ್ಲ ಬಂದ್ರು. ಉದ್ದ ಮುಳ್ಳಿನ ಥರ್ಮಾಮೀಟರ್ ಒಂದನ್ನ ತಗೊಂಡು ಮೂರು ಗ್ರೀನಲ್ಲಿ ಚುಚ್ಚಿ ಚುಚ್ಚಿ ನೋಡಿದ್ರು, ಡೈರಿಲಿ ಏನೋ ಗೀಚಿಕೊಂಡ್ರು, ಆಮೇಲೆ ಟೀಮ್ ಹೆಡ್ಡು ನನ್ನ ಹತ್ರ ಬಂದು "ಇವತ್ತು ಬೇಡ ಸರ್" ಅಂದ್ಬಿಟ್ರು. ಟ್ರೈಲರ್ ಹಗ್ಗಾನೂ ಬಿಚ್ಚಲಿಲ್ಲ, ಹಾಗೇ ತಿರುಗಿಸ್ಕೊಂಡು ಹೋದ್ರು. ಆಗ ನನಗೆ ಮೈಯೆಲ್ಲ ಉರಿದಿತ್ತು, ಯಾಕಂದ್ರೆ ಆ ದಿನಕ್ಕೆ ಅಂತ ಕೋರ್ಸ್ ಬಂದ್ ಮಾಡ್ಸಿ, ಮೆಂಬರ್‌ಗಳಿಗೆಲ್ಲ ಮೆಸೇಜ್ ಹಾಕಿ, ಮರಳಿನ ಲೋಡ್ ತರಿಸಿ ಟಾರ್ಪಾಲ್ ಹೊದಿಸಿ ಕೂತಿದ್ದೆ. ಈಗ ಸೀಸನ್ ಶುರುವಾಗಿ ತಿಂಗಳಾದ ಮೇಲೆ ಯೋಚನೆ ಮಾಡಿದ್ರೆ, ಅವರು ನಮಗೆ ಮಾಡಿಕೊಟ್ಟ ಕೆಲಸದಲ್ಲೆಲ್ಲ ಅತಿ ಒಳ್ಳೇ ಕೆಲಸ ಅವತ್ತು ಮಾಡದೇ ಹೋಗಿದ್ದೇ ಅನ್ಸುತ್ತೆ. ಹಾಗಿದ್ದೂ ಐದಕ್ಕೆ ಐದು ಕೊಡ್ತಿಲ್ಲ, ಮೂರೂವರೆ ಕೊಡ್ತಿದೀನಿ, ಅದಕ್ಕೆ ಕಾರಣ ನೀರಿನ ಪೈಪು, ಆ ಕತೆ ಮುಂದೆ ಬರುತ್ತೆ.

ನಮ್ಮದು ಒಂಬತ್ತು ಹೋಲಿನ ಸಣ್ಣ ಕೋರ್ಸ್, ಚಳಿಗಾಲದಲ್ಲಿ ತಿಂಗಳುಗಟ್ಟಲೆ ಹಿಮದಡಿ ಮಲಗಿರುತ್ತೆ. ಮೈದಾನದ ಜವಾಬ್ದಾರಿ ನನ್ನದು, ಜೊತೆಗೆ ಇಬ್ಬರು ಹುಡುಗ್ರು. ದಿನಾ ಹುಲ್ಲು ಕತ್ತರಿಸೋದು, ಗುಳಿ ಜಾಗ ಬದಲಾಯಿಸೋದು, ಬಂಕರ್ (ಆಟಕ್ಕೆ ಅಡ್ಡಿಯಾಗಿ ಇಟ್ಟಿರೋ ಮರಳಿನ ಗುಂಡಿ) ಕೆರೆಯೋದು ಇವೆಲ್ಲ ನಾವೇ ಮಾಡ್ಕೋತೀವಿ, ಆದ್ರೆ ವಸಂತಕ್ಕೆ ಮೊದಲು ಕೋರ್ಸ್ ಎಬ್ಬಿಸೋ ದೊಡ್ಡ ಕೆಲಸಕ್ಕೆ ಬೇಕಾಗೋ ಮಷೀನ್‌ಗಳು ನಮ್ಮ ಹತ್ರ ಇಲ್ಲ, ವರ್ಷಕ್ಕೆ ಎರಡು ಸಲ ಬಳಸೋದಕ್ಕೆ ಅಂತ ಕೊಳ್ಳೋದೂ ದಡ್ಡತನ. ಹಾಗಾಗಿ ಈ ಸಲ ಹೊರಗಿನ ಒಂದು ಸರ್ವಿಸ್‌ಗೆ ಪೂರ್ತಿ ಪ್ಯಾಕೇಜ್ ಕೊಟ್ವಿ: ಚಳಿಗಾಲದ ಡ್ಯಾಮೇಜ್ ನೋಡೋದು, ಗ್ರೀನ್‌ಗಳಿಗೆ ತೂತು ಹಾಕಿ ಮರಳು ತುಂಬೋದು, ಹುಲ್ಲು ಕತ್ತರಿಸೋ ಮೋವರ್ ಬ್ಲೇಡ್ ಸಾಣೆ, ನೀರಿನ ಲೈನ್ ಚಾಲೂ ಮಾಡೋದು, ಬಂಕರ್ ರಿಪೇರಿ. ಹೆಸರು ಹಾಕಲ್ಲ, ಕೇಳ್ಬೇಡಿ. ಇಂಥ ಸರ್ವಿಸ್ ತಗೊಳ್ಳೋವ್ರು ಏನೇನು ನೋಡ್ಬೇಕು ಅನ್ನೋದಕ್ಕೆ ಬರೀತಿದೀನಿ. ಗಾಲ್ಫ್ ಗೊತ್ತಿಲ್ಲದೇ ಇದನ್ನ ಓದ್ತಿರೋವ್ರಿಗೆ ಒಂದೇ ಮಾತು, ಗ್ರೀನ್ ಅಂದ್ರೆ ಬಾವುಟ ನೆಟ್ಟಿರೋ ಗುಳಿಯ ಸುತ್ತ ಇರೋ ನುಣ್ಣನೆ ಜಾಗ, ಕೋರ್ಸಲ್ಲಿ ಅದು ಮಗುವಿನ ತಲೆ ಇದ್ದ ಹಾಗೆ, ಅಲ್ಲಿ ತಪ್ಪಾದ್ರೆ ಇಡೀ ವರ್ಷ ಮೆಂಬರ್‌ಗಳ ಬಾಯಿಗೆ ಸಿಕ್ಕಿಬೀಳ್ತೀವಿ.

ಮೊದಲ ಭೇಟಿ ಹಿಮ ಇನ್ನೂ ಪೂರ್ತಿ ಕರಗದೇ ಇದ್ದಾಗಲೇ ಆಯ್ತು. ನಾನು ಅಂದ್ಕೊಂಡಿದ್ದು ಸುಮ್ನೆ ಒಂದು ಸುತ್ತು ಹಾಕಿ ಫೋಟೋ ತಗೊಂಡು ಹೋಗ್ತಾರೆ ಅಂತ. ಆದ್ರೆ ಟೀಮ್ ಹೆಡ್ಡು ಗುಳಿ ಕೊರೆಯೋ ಕಟರ್ ಇಸ್ಕೊಂಡು, ಯಾವ್ಯಾವ ಗ್ರೀನ್ ಮೇಲೆ ಐಸ್ ಜಾಸ್ತಿ ದಿನ ಕೂತಿತ್ತೋ ಅಲ್ಲೆಲ್ಲ ಬೇರು ಮಣ್ಣು ಸಮೇತ ಹುಲ್ಲಿನ ತುಂಡು ತೆಗೆದ್ರು, ಪ್ರತಿಯೊಂದಕ್ಕೂ ಚೀಟಿ ಅಂಟಿಸಿ ಸಣ್ಣ ಕುಂಡಗಳಲ್ಲಿಟ್ಟು "ಇವನ್ನ ಬಿಸಿಲು ಬೀಳೋ ಕಿಟಕಿ ಹತ್ರ ಇಡಿ, ದಿನಾ ಸ್ವಲ್ಪ ನೀರು ಹಾಕಿ, ಎರಡು ವಾರ ಬಿಟ್ಟು ಯಾವುದು ಹಸಿರಾಗಿದೆ ಅಂತ ಹೇಳಿ" ಅಂದ್ರು. ಹೊರಗಡೆ ಎಲ್ಲಾ ಗ್ರೀನೂ ಒಂದೇ ಥರ ಒಣಹುಲ್ಲಿನ ಬಣ್ಣದಲ್ಲಿತ್ತು, ಯಾವುದು ನಿದ್ದೆ ಮಾಡ್ತಿದೆ ಯಾವುದು ಸತ್ತಿದೆ ಅಂತ ದೇವರಿಗೇ ಗೊತ್ತಾಗ್ಬೇಕು. ಕಿಟಕಿಲಿ ಹತ್ತು ದಿನಕ್ಕೆ ಕತೆ ಬಯಲಾಯ್ತು. ನಾಲ್ಕನೇ ಗ್ರೀನಿನ ತಗ್ಗಿಂದ ತಗೊಂಡ ತುಂಡಲ್ಲಿ ಅರ್ಧ ಭಾಗ ಎಳೆ ಸೂಜಿ ಥರ ಹಸಿರು ಚಿಗುರು, ಇನ್ನರ್ಧ ನೆನೆದ ಗೋಣಿ ನಾರಿನ ಥರ, ಬೆರಳಲ್ಲಿ ಎಳೆದ್ರೆ ಬುಡದಿಂದಲೇ ಕಿತ್ತು ಬರ್ತಿತ್ತು.

ಹಸಿರಾಗಿದ್ದ ಅರ್ಧ ಬೆಂಟ್‌ಗ್ರಾಸ್, ಸತ್ತಿದ್ದ ಅರ್ಧ ಪೋವಾ. ತಣ್ಣನೆ ಪ್ರದೇಶದ ಗ್ರೀನ್‌ಗಳಲ್ಲಿ ಹಾಕೋದು ಬೆಂಟ್‌ಗ್ರಾಸ್, ಪೋವಾ ಅನ್ನೋದು ಕರೀದೇ ಬರೋ ನೆಂಟ, ವರ್ಷ ಕಳೆದ ಹಾಗೆ ತಾನೇ ತಾನಾಗಿ ಸೇರ್ಕೊಳ್ಳುತ್ತೆ. ಐಸ್ ಗಟ್ಟಿಯಾಗಿ ಮುಚ್ಕೊಂಡು ಗಾಳಿ ಆಡದೇ ಇದ್ರೆ ಪೋವಾ ಒಂದೂವರೆ ಎರಡು ತಿಂಗಳಿಗೆಲ್ಲ ಕೈಚೆಲ್ಲುತ್ತೆ, ಬೆಂಟ್‌ಗ್ರಾಸ್ ಅದಕ್ಕಿಂತ ಎಷ್ಟೋ ಜಾಸ್ತಿ ದಿನ ತಡ್ಕೊಳ್ಳುತ್ತೆ. ಇನ್ನೊಂದು ಅಪಾಯ ಚಳಿಗಾಲದ ಕೊನೇಲಿ ಬರುತ್ತೆ. ಎರಡು ದಿನ ಬಿಸಿಲು ಬಂದು ಹಿಮ ಕರಗಿ ಆ ನೀರು ಹುಲ್ಲಿನ ಬುಡಕ್ಕೆ ಇಳಿಯುತ್ತೆ, ಹುಲ್ಲು ಪಾಪ ವಸಂತ ಬಂತು ಅಂದ್ಕೊಂಡು ಹೀರ್ಕೊಳ್ಳುತ್ತೆ, ರಾತ್ರಿ ಮತ್ತೆ ಕೊರೆಯೋ ಚಳಿ ಬಿದ್ದ ತಕ್ಷಣ ಬುಡದ ಒಳಗಿರೋ ನೀರೇ ಹೆಪ್ಪುಗಟ್ಟಿ ಅದನ್ನ ಸೀಳಿಹಾಕುತ್ತೆ. ತಗ್ಗಿರೋ ಕಡೆನೇ ಹುಲ್ಲು ಸಾಯೋದು ಯಾಕೆ ಅಂತ ನಾನು ವರ್ಷಗಳಿಂದ ತಲೆ ಕೆರ್ಕೋತಿದ್ದೆ, ನೀರು ನಿಲ್ಲೋ ಜಾಗ ಅಂತಲೇ. ಇದನ್ನ ಅವರು ನನಗೆ ಪಾಠ ಹೇಳೋ ಥರ ಹೇಳಲಿಲ್ಲ, ಕುಂಡ ಕೈಲಿಟ್ಕೊಂಡು ತೋರಿಸಿದ್ರು, ಅದು ಇಷ್ಟ ಆಯ್ತು.

ಸ್ನೋ ಮೋಲ್ಡ್, ಅಂದ್ರೆ ಚಳಿಗಾಲದಲ್ಲಿ ಹುಲ್ಲಿಗೆ ಬರೋ ಬೂಷ್ಟು ರೋಗದ ವಿಷಯಕ್ಕೂ ಅಷ್ಟೇ ತಾಳ್ಮೆ. ಹಿಮ ಕರಗಿದ ಮೇಲೆ ಅಲ್ಲಲ್ಲಿ ತಟ್ಟೆ ಅಗಲದ ಬೂದು ಮಚ್ಚೆಗಳು ಕಾಣಿಸ್ಕೊಂಡಿದ್ವು, ಹುಲ್ಲೆಲ್ಲ ಅಂಟಂಟಾಗಿ ನೆಲಕ್ಕೆ ಮೆತ್ಕೊಂಡಿತ್ತು. ನಾನು ಔಷಧಿ ಹೊಡೀಬೇಕಾ ಅಂತ ಕೇಳಿದ್ದಕ್ಕೆ, ಮಂಡಿಯೂರಿ ಕೂತು ಒಂದು ಎಲೆ ಕಿತ್ತು ತೋರಿಸಿದ್ರು, ಸಾಸಿವೆಗಿಂತ ಚಿಕ್ಕ ಕಂದು ಗುಂಡುಗಳು ಎಲೆಗೆ ಅಂಟಿದ್ವು. "ಇದು ಬೂದು ಜಾತಿ, ಉದ್ದಕ್ಕೂ ಹಿಮ ಹೊದ್ದುಕೊಂಡಿದ್ರೆ ಮಾತ್ರ ಬರೋದು, ಹೆಚ್ಚಾಗಿ ಎಲೆ ತಿಂದು ಸುಮ್ನಾಗುತ್ತೆ, ಬುಡ ಉಳಿಯುತ್ತೆ. ಗುಲಾಬಿ ಜಾತಿ ಆಗಿದ್ರೆ ಈ ಗುಂಡುಗಳು ಇರ್ತಿರ್ಲಿಲ್ಲ, ಅದು ಬುಡಕ್ಕೂ ಕೈ ಹಾಕುತ್ತೆ, ಅದಕ್ಕೆ ಹಿಮಾನೇ ಬೇಕಂತಿಲ್ಲ, ತಣ್ಣಗೆ ಒದ್ದೆಯಾಗಿದ್ರೆ ಸಾಕು" ಅಂದ್ರು. ಔಷಧಿ ಹೊಡಿಯೋ ಕಾಲ ಹಿಮ ಬೀಳೋಕೆ ಮುಂಚೆನೇ ಮುಗಿದಿತ್ತಂತೆ, ಈಗ ಮಾಡೋದು ಇಷ್ಟೇ, ಹಗುರ ಕೈಯಲ್ಲಿ ಬಾಚಿ ಹುಲ್ಲನ್ನ ಎಬ್ಬಿಸಿ ಗಾಳಿ ಆಡೋಕೆ ಬಿಡೋದು. ಔಷಧಿ ಡಬ್ಬಿ ಮಾರೋ ಅವಕಾಶ ಕೈಲಿದ್ದೂ ಮಾರದೇ ಇದ್ದ ಸರ್ವಿಸ್‌ನವ್ರನ್ನ ನಾನು ಇದೇ ಮೊದಲ ಸಲ ನೋಡಿದ್ದು.

ಈಗ ಆ ವಾಪಸ್ ಹೋದ ದಿನದ ವಿಷಯ. ಅವತ್ತು ಬಿಸಿಲು ಚೆನ್ನಾಗಿತ್ತು, ಜಾಕೆಟ್ ತೆಗೆದು ಓಡಾಡೋ ಹಾಗಿತ್ತು, ಹಕ್ಕಿಗಳೆಲ್ಲ ಬಂದಿದ್ವು, ನನ್ನ ಲೆಕ್ಕದಲ್ಲಿ ವಸಂತ ಬಂದಾಗಿತ್ತು. ಥರ್ಮಾಮೀಟರ್ ಮಾತ್ರ ಎರಡು ಇಂಚು ಆಳದಲ್ಲಿ 5 ಡಿಗ್ರಿ ತೋರಿಸ್ತಿತ್ತು. ಈ ತಣ್ಣನೆ ಪ್ರದೇಶದ ಹುಲ್ಲುಗಳ ಬೇರು ಚೆನ್ನಾಗಿ ಬೆಳೆಯೋದು ಮಣ್ಣು ಸುಮಾರು 10ರಿಂದ 18 ಡಿಗ್ರಿ ಇದ್ದಾಗ. ಅದಕ್ಕಿಂತ ಮುಂಚೆ ತೂತು ಹಾಕಿದ್ರೆ ತೂತು ತೂತಾಗೇ ಉಳಿಯುತ್ತೆ, ಮುಚ್ಚೋಕೆ ಹುಲ್ಲು ಬೆಳೀಬೇಕಲ್ಲ, ಅಷ್ಟರಲ್ಲಿ ಗಾಳಿಗೆ ಅಂಚು ಒಣಗಿ, ಇದ್ದ ಪೋವಾ ಇನ್ನಷ್ಟು ಬೀಜ ಉದುರಿಸ್ಕೊಂಡು ಆ ತೂತಲ್ಲೇ ಸಂಸಾರ ಹೂಡುತ್ತೆ. ಜೊತೆಗೆ ಮಣ್ಣು ಒದ್ದೆ. ಅವರು ಒಂದು ಹಿಡಿ ಮಣ್ಣು ತಗೊಂಡು ಮುಷ್ಟಿ ಕಟ್ಟಿ ಬಿಟ್ರು, ಉಂಡೆ ಹಾಗೇ ಉಳೀತು, ಬೆರಳಿನ ಗುರುತು ಸಮೇತ. ಇಂಥ ಮಣ್ಣಲ್ಲಿ ಮಷೀನ್ ಇಳಿಸಿದ್ರೆ ಚಕ್ರ ಹೂತ್ಕೊಂಡು ಹೋಗುತ್ತೆ, ತೂತಿನ ಗೋಡೆ ಗಾರೆ ಹಚ್ಚಿದ ಹಾಗೆ ನುಣ್ಣಗಾಗಿ ನೀರೂ ಇಳಿಯಲ್ಲ ಬೇರೂ ಇಳಿಯಲ್ಲ, ಅಂದ್ರೆ ಯಾವುದಕ್ಕೆ ಅಂತ ತೂತು ಹಾಕಿದ್ವೋ ಅದೇ ಕೆಟ್ಟ ಹಾಗೆ.

ಇಷ್ಟೆಲ್ಲ ಕೇಳಿದ್ಮೇಲೂ ನನಗೆ ಸಮಾಧಾನ ಆಗ್ಲಿಲ್ಲ ಕಣ್ರೀ, ಸುಳ್ಳು ಯಾಕೆ ಹೇಳ್ಲಿ. ಮೆಂಬರ್‌ಗಳ ಫೋನ್ ಶುರುವಾಯ್ತು. ಯಾವಾಗ ಓಪನ್, ಪಕ್ಕದ ಕೋರ್ಸ್ ಆಗಲೇ ತೆಗೆದಿದಾರಂತೆ, ನೀವೇನ್ ಮಾಡ್ತಿದೀರಿ. ಒಬ್ಬರಂತೂ ಬೆಳಬೆಳಗ್ಗೆ ನೇರ ಬಂದು, ನೆಲದ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಬೆಳ್ಳಗೆ ಮಿಂಚ್ತಿರೋವಾಗಲೇ, ಎರಡನೇ ಗ್ರೀನ್ ಮೇಲೆ ಹತ್ತು ಹೆಜ್ಜೆ ನಡೆದು ನೋಡ್ಕೊಂಡು ಹೋದ್ರು. ಹೆಪ್ಪುಗಟ್ಟಿದ ಎಲೆ ಮೇಲೆ ಕಾಲಿಟ್ರೆ ಒಳಗಿನ ಐಸಿನ ಹರಳುಗಳು ಜೀವಕೋಶಗಳನ್ನ ಚುಚ್ಚಿ ಒಡೆದುಹಾಕುತ್ತೆ. ಸಂಜೆ ಹೊತ್ತಿಗೆ ಅವರ ಹತ್ತೂ ಹೆಜ್ಜೆ ಕಪ್ಪಗೆ ಎದ್ದು ಕಾಣ್ತಿತ್ತು, ಶೂ ಸೈಜ್ ಕೂಡ ಹೇಳಬಹುದಿತ್ತು. ಅದರ ಫೋಟೋ ತೆಗೆದು ನೋಟಿಸ್ ಬೋರ್ಡಿಗೆ ಹಾಕಿದೆ, ಹೆಸರು ಬರೀಲಿಲ್ಲ, ಆದ್ರೆ ಫೋನ್ ಬರೋದು ಅವತ್ತಿಂದ ಅರ್ಧಕ್ಕರ್ಧ ಕಮ್ಮಿ ಆಯ್ತು.

ಹದಿನಾರು ದಿನ ಬಿಟ್ಟು ಅವರೇ ಫೋನ್ ಮಾಡಿ "ಇವತ್ತು ನಿಮ್ಮ ಥರ್ಮಾಮೀಟರ್ ಎಷ್ಟು ತೋರಿಸ್ತಿದೆ" ಅಂತ ಕೇಳಿದ್ರು. ಅಷ್ಟರಲ್ಲಿ ನಾನೂ ಒಂದು ತಂದಿಟ್ಕೊಂಡು ದಿನಾ ಬೆಳಗ್ಗೆ ಒಂದೇ ಜಾಗದಲ್ಲಿ ಚುಚ್ಚಿ ಬರೆದಿಡ್ತಿದ್ದೆ. ಅವತ್ತು 11 ಡಿಗ್ರಿ. ಮಾರನೇ ದಿನ ಬಂದ್ರು. ಈ ಹದಿನಾರು ದಿನದ ಮಧ್ಯೆ ಇನ್ನೊಂದು ಕೆಲಸ ಹೇಳಿದ್ರು, ಅದನ್ನ ನಾನು ಸ್ವಂತ ಬುದ್ಧಿಲಿ ಮಾಡ್ತಿರ್ಲಿಲ್ಲ. ಫೇರ್‌ವೇಗಳಲ್ಲಿ, ಅಂದ್ರೆ ಬಾಲ್ ಹೊಡೆಯೋಕೆ ಶುರು ಮಾಡೋ ಜಾಗದಿಂದ ಗ್ರೀನ್‌ವರೆಗಿನ ಹುಲ್ಲಿನ ದಾರಿಗಳಲ್ಲಿ, ಕ್ರ್ಯಾಬ್‌ಗ್ರಾಸ್ ಕಳೆ ಮೊಳೆಯೋಕೆ ಶುರು ಮಾಡೋದು ಮಣ್ಣು 13 ಡಿಗ್ರಿ ಆಸುಪಾಸು ಸತತವಾಗಿ ಕೆಲವು ದಿನ ಇದ್ದಾಗ. ಮೊಳಕೆ ತಡೆಯೋ ಔಷಧಿ ಅದಕ್ಕಿಂತ ಮುಂಚೆ ಬಿದ್ದಿರ್ಬೇಕು, ಕಳೆ ಕಣ್ಣಿಗೆ ಕಂಡ ಮೇಲೆ ಹಾಕಿದ್ರೆ ಗಂಗೆಯಲ್ಲಿ ಹುಣಸೆ ತೊಳೆದ ಹಾಗೆ. ಬೀಜ ಹಾಕ್ಬೇಕಾಗಿರೋ ಬೋಳು ಜಾಗ ಬಿಟ್ಟು ಉಳಿದ ಕಡೆ ಮಾತ್ರ ಹಾಕಿ ಅಂತ ಗುರುತು ಮಾಡಿಕೊಟ್ರು, ಯಾಕಂದ್ರೆ ಆ ಔಷಧಿಗೆ ಕಳೆ ಬೀಜ ಯಾವುದು ನಮ್ಮ ಬೀಜ ಯಾವುದು ಅನ್ನೋ ಭೇದ ಇಲ್ಲ.

ತೂತು ಹಾಕೋ ದಿನ ನೋಡೋಕೆ ಚಂದ. ಮಷೀನ್ ಹಿಂದೆ ಸಾಲಾಗಿ ಟೊಳ್ಳು ಕೊಳವೆಗಳು, ಟೈನ್ ಅಂತಾರೆ, ಹೊಲಿಗೆ ಮಷೀನಿನ ಸೂಜಿ ಥರ ಟಕಟಕ ಅಂತ ಇಳಿದು ಏಳುತ್ತೆ, ಪ್ರತಿ ಸಲಾನೂ ಒಂದೊಂದು ಮಣ್ಣಿನ ಕಡ್ಡಿ ಕಿತ್ತು ಮೇಲೆ ಎಸೆಯುತ್ತೆ. ಹತ್ತು ನಿಮಿಷಕ್ಕೆ ಗ್ರೀನ್ ಪೂರ್ತಿ ಬೆರಳುದ್ದದ ಮಣ್ಣಿನ ಕಡ್ಡಿಗಳಿಂದ ತುಂಬಿ, ದನದ ಹಿಂಡು ಹಾದುಹೋದ ಹಾಗಿತ್ತು. ಅರ್ಧ ಇಂಚು ವ್ಯಾಸದ ಟೈನು, ಎರಡಿಂಚಿಗೊಂದು ತೂತು, ಮೂರೂವರೆ ಇಂಚು ಆಳ. ಲೆಕ್ಕ ಹಾಕಿದ್ರೆ ಗ್ರೀನಿನ ಮೇಲ್ಮೈಯಲ್ಲಿ ಸುಮಾರು 5 ಪರ್ಸೆಂಟ್ ಮಾತ್ರ ತೆಗೆದ ಹಾಗಾಯ್ತು. ಟೈನ್ ವ್ಯಾಸ ಇನ್ನೊಂದು ಚೂರು ಜಾಸ್ತಿ ಮಾಡಿ ಮುಕ್ಕಾಲಿಗೂ ಅರ್ಧಕ್ಕೂ ಮಧ್ಯೆ, ಅಂದ್ರೆ 5/8 ಇಂಚು ಹಾಕಿದ್ರೆ ಅದು ಏಳೂವರೆ ದಾಟುತ್ತೆ, ಕೆಲಸ ಜಾಸ್ತಿ ಆಗುತ್ತೆ ಆದ್ರೆ ಮುಚ್ಚೋಕೆ ದಿನಾನೂ ಜಾಸ್ತಿ ಹಿಡಿಯುತ್ತೆ. ನಾನು ದೊಡ್ಡದೇ ಹಾಕಿ ಅಂದೆ. ಅವರು ಒಂದು ಕಡ್ಡಿ ಎತ್ತಿ ಉದ್ದಕ್ಕೆ ಸೀಳಿ ತೋರಿಸಿದ್ರು, ಮೇಲೆ ಒಂದು ಬೆರಳ ದಪ್ಪ ಕೂಡ ಇಲ್ಲದ ಕಂದು ಪದರ, ಅದೇ ಥ್ಯಾಚ್, ಸತ್ತ ಬೇರು ಕಾಂಡ ಎಲ್ಲ ಸೇರ್ಕೊಂಡು ಸ್ಪಂಜ್ ಆಗಿರೋದು, ಅದರ ಕೆಳಗೆ ಸ್ವಚ್ಛ ಮರಳು, ಎಲ್ಲೂ ಕಪ್ಪು ಪದರ ಇಲ್ಲ, ಮೂಸಿದ್ರೆ ಕೊಳೆತ ಮೊಟ್ಟೆ ವಾಸನೆ ಇಲ್ಲ. "ಇಷ್ಟಕ್ಕೆ ದೊಡ್ಡದು ಬೇಡ ಸರ್" ಅಂದ್ರು. ಸರಿ ಅಂದೆ.

ಆಮೇಲೆ ಕಡ್ಡಿಗಳನ್ನೆಲ್ಲ ಗುಡಿಸಿ ತೆಗೆದು, ಮರಳು ಚೆಲ್ಲಿ, ಬ್ರಷ್ ಎಳೆದು ತೂತುಗಳಿಗೆ ತುಂಬಿಸೋದು. ಮರಳು ಹಾಕಿದ್ರೆ ಹುಲ್ಲು ಚೆನ್ನಾಗಾಗುತ್ತೆ ಅನ್ನೋದನ್ನ 19ನೇ ಶತಮಾನದಲ್ಲಿ ಸ್ಕಾಟ್ಲೆಂಡಲ್ಲಿ ಗಾಲ್ಫ್ ಮೈದಾನ ನೋಡ್ಕೋತಿದ್ದ ಓಲ್ಡ್ ಟಾಮ್ ಮಾರಿಸ್ ಆಕಸ್ಮಿಕವಾಗಿ ಕಂಡುಕೊಂಡಿದ್ದು ಅಂತ ಈ ಕಸುಬಿನವ್ರೆಲ್ಲ ಕತೆ ಹೇಳ್ತಾರೆ, ಕೈಗಾಡಿ ಮಗುಚಿ ಗ್ರೀನ್ ಮೇಲೆ ಮರಳು ಚೆಲ್ಲಿಹೋಯ್ತಂತೆ, ಸ್ವಲ್ಪ ದಿನದ ಮೇಲೆ ನೋಡಿದ್ರೆ ಅಲ್ಲಿ ಮಾತ್ರ ಹುಲ್ಲು ಸೊಂಪಾಗಿತ್ತಂತೆ. ಇವತ್ತಿಗೆ ಇದು ಕತೆ ಮಟ್ಟದಲ್ಲಿಲ್ಲ, ಅಮೆರಿಕದ ಗಾಲ್ಫ್ ಸಂಸ್ಥೆ ಯುಎಸ್‌ಜಿಎ 1960ರಲ್ಲೇ ಗ್ರೀನ್ ಹೇಗೆ ಕಟ್ಟಬೇಕು ಅಂತ ಲೆಕ್ಕ ಕೊಟ್ಟಿದೆ, ಕೆಳಗೆ 4 ಇಂಚು ಜಲ್ಲಿ, ಅದರ ಮೇಲೆ 12 ಇಂಚು ಮರಳು ಜಾಸ್ತಿ ಇರೋ ಮಣ್ಣು. ಹಾಗಾಗಿ ಮೇಲಿಂದ ಹಾಕೋ ಮರಳೂ ಒಳಗಿರೋ ಮರಳೂ ಒಂದೇ ಕಾಳಿನ ಅಳತೆ ಇರ್ಬೇಕು, ಇಲ್ಲಾಂದ್ರೆ ಪದರ ಪದರ ಆಗಿ ನೀರು ಮಧ್ಯದಲ್ಲೇ ನಿಂತ್ಬಿಡುತ್ತೆ. ಇಲ್ಲಿ ತಪ್ಪು ನನ್ನದೂ ಇತ್ತು. ನಾನು ಹೊದಿಸಿದ್ದ ಟಾರ್ಪಾಲ್ ಒಂದು ಮೂಲೇಲಿ ಹರಿದಿತ್ತು, ಹದಿನಾರು ದಿನದ ಮಳೆಗೆ ಕಾಲು ಭಾಗ ಮರಳು ನೆನೆದಿತ್ತು. ಒದ್ದೆ ಮರಳು ತೂತಿನ ಬಾಯಲ್ಲೇ ಸೇತುವೆ ಕಟ್ಕೊಂಡು ಕೂತ್ಬಿಡುತ್ತೆ, ಮೇಲಿಂದ ನೋಡೋಕೆ ತುಂಬಿದೆ, ಕೆಳಗೆ ಖಾಲಿ. ಅವರ ಹುಡುಗರಲ್ಲಿ ಒಬ್ಬ ಟೂತ್‌ಪಿಕ್ ಥರದ ಕಡ್ಡಿ ಹಿಡ್ಕೊಂಡು ಅಲ್ಲಲ್ಲಿ ತೂತಿಗೆ ಚುಚ್ಚಿ ನೋಡ್ತಿದ್ದ, ಪುಸಕ್ ಅಂತ ಇಳಿದ್ರೆ ಮತ್ತೆ ಬ್ರಷ್. ಎಂಟನೇ ಒಂಬತ್ತನೇ ಗ್ರೀನ್‌ಗೆ ಬರೋ ಹೊತ್ತಿಗೆ ಕತ್ತಲಾಗಿತ್ತು, ಮಾರನೇ ದಿನ ಮರಳು ಹರವಿ ಒಣಗಿಸಿ ಮುಗಿಸಿದ್ರು, ಅದಕ್ಕೆ ಎಕ್ಸ್‌ಟ್ರಾ ಕೇಳ್ಲಿಲ್ಲ.

ಬ್ಲೇಡ್ ಸಾಣೆ ಬಗ್ಗೆ ಜಾಸ್ತಿ ಹೇಳೋದಿಲ್ಲ, ಪರ್ಫೆಕ್ಟ್. ಗ್ರೀನ್ ಕತ್ತರಿಸೋ ಮೋವರ್ ಮನೆ ಮುಂದೆ ಓಡಿಸೋ ತಿರುಗೋ ಬ್ಲೇಡ್ ಥರದ್ದಲ್ಲ, ಕತ್ತರಿ ಥರದ್ದು, ಸುತ್ತೋ ರೀಲು ಕೆಳಗಿನ ಸ್ಥಿರ ಪಟ್ಟಿಗೆ ತಾಗಿ ತಾಗದ ಹಾಗೆ ಹಾದು ಎಲೆ ಕತ್ತರಿಸುತ್ತೆ. ಕೆಲಸ ಮುಗಿಸಿ ಕೊಡೋವಾಗ ನ್ಯೂಸ್‌ಪೇಪರ್ ತುಂಡು ಒಂದನ್ನ ಮಧ್ಯೆ ಹಿಡಿದು ರೀಲನ್ನ ಕೈಯಲ್ಲೇ ನಿಧಾನಕ್ಕೆ ತಿರುಗಿಸಿದ್ರು, ಎಡದ ತುದಿಯಿಂದ ಬಲದ ತುದಿವರೆಗೂ ಒಂದು ಎಳೆ ಕೂಡ ಸಿಕ್ಕಿಕೊಳ್ಳದ ಹಾಗೆ ಕಚಕ್ ಕಚಕ್ ಅಂತ ಕತ್ತರಿಸ್ತು. ಹಳೇ ಸೆಟ್ಟಿಂಗ್‌ನಲ್ಲಿ ಬಲಗಡೆ ಅಗಿದು ಉಗುಳ್ತಿತ್ತು, ಆ ಕಡೆ ಹುಲ್ಲಿನ ತುದಿ ಬೆಳ್ಳಗಾಗ್ತಿದ್ದಿದ್ದು ಯಾಕೆ ಅಂತ ಅವತ್ತು ಗೊತ್ತಾಯ್ತು. ಮೊದಲ ಕಟಿಂಗ್ 5 ಮಿಲಿಮೀಟರಿಗೆ ಇಡಿ, ವಾರಕ್ಕೆ ಚೂರು ಚೂರೇ ಇಳಿಸಿ, ಸೀಸನ್ ಎತ್ತರ 3ರ ಹತ್ರ ಇದ್ರೂ ಒಂದೇ ಸಲ ಅಲ್ಲಿಗೆ ಹೋಗ್ಬೇಡಿ ಅಂದ್ರು. ಒಂದೇ ಕಟಿಂಗಲ್ಲಿ ಎಲೆಯ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತೆಗೀಬಾರ್ದು ಅನ್ನೋದು ಹುಲ್ಲಿನ ಕೆಲಸ ಮಾಡೋ ಎಲ್ಲರಿಗೂ ಗೊತ್ತು, ಪಾಲಿಸೋವ್ರು ಕಮ್ಮಿ, ಅದ್ರಲ್ಲಿ ನಾನೂ ಒಬ್ಬ.

ಈಗ ಪೈಪು.

ನೀರಿನ ಲೈನ್ ಚಾಲೂ ಮಾಡೋ ದಿನ ಟೀಮ್ ಹೆಡ್ಡು ಬರ್ಲಿಲ್ಲ. ಬೇರೆ ಎಲ್ಲೋ ಕೆಲಸ ಇತ್ತಂತೆ, ಇಬ್ಬರು ಹುಡುಗ್ರನ್ನ ಕಳಿಸಿದ್ರು. ಚಳಿಗಾಲಕ್ಕೆ ಮುಂಚೆ ಕಂಪ್ರೆಸರ್ ಹಚ್ಚಿ ಲೈನಿನ ನೀರೆಲ್ಲ ಊದಿ ಹೊರಗೆ ಹಾಕಿರ್ತೀವಿ, ಇಲ್ಲಾಂದ್ರೆ ಒಳಗೇ ಹೆಪ್ಪುಗಟ್ಟಿ ಪೈಪ್ ಸೀಳುತ್ತೆ. ಹಾಗಾಗಿ ವಸಂತದಲ್ಲಿ ಇಡೀ ಲೈನಲ್ಲಿ ಇರೋದು ಬರೀ ಗಾಳಿ. ಆ ಗಾಳಿನ ಸಮಾಧಾನವಾಗಿ ಹೊರಗೆ ಕಳಿಸ್ತಾ, ಹಿಂದೆ ನೀರು ತರಬೇಕು. ಕೊನೇ ತುದಿಯ ವಾಲ್ವ್‌ಗಳನ್ನ, ಎತ್ತರದ ಜಾಗದ ಸ್ಪ್ರಿಂಕ್ಲರ್‌ಗಳನ್ನ ತೆಗೆದಿಟ್ಟು, ಪಂಪಿನ ಒತ್ತಡ ತೀರಾ ಕಮ್ಮಿ ಇಟ್ಟು, ನೀರು ಪೈಪಲ್ಲಿ ಸೆಕೆಂಡಿಗೆ ಎರಡಡಿಗಿಂತ ಜಾಸ್ತಿ ಓಡದ ಹಾಗೆ ತುಂಬಿಸ್ಬೇಕು. ಒಂಬತ್ತು ಹೋಲಿಗೇ ಇದು ಅರ್ಧ ದಿನದ ಕೆಲಸ, ನೋಡೋವ್ರಿಗೆ ಏನೂ ಆಗ್ತಿಲ್ಲ ಅನ್ಸುತ್ತೆ. ಹುಡುಗ್ರಿಗೂ ಹಾಗೇ ಅನ್ಸಿರ್ಬೇಕು.

ಪಂಪ್‌ಹೌಸಲ್ಲಿ ಒಬ್ಬ ಇದ್ದ, ಇನ್ನೊಬ್ಬ ಮೂರನೇ ಹೋಲಲ್ಲಿ. ಮೊದಲ ಇಪ್ಪತ್ತು ನಿಮಿಷ ಸರಿಯಾಗೇ ನಡೀತು. ಆಮೇಲೆ ಫೋನಲ್ಲಿ ಏನೋ ಮಾತಾಡ್ಕೊಂಡು ಪಂಪಿನವನು ಒತ್ತಡ ಏರಿಸಿದ. ಏಳನೇ ಹೋಲಿನ ಸ್ಪ್ರಿಂಕ್ಲರ್‌ಗಳು ಕೆಮ್ಮೋಕೆ ಶುರು ಮಾಡಿದ್ವು, ಒಂದು ಸಲ ಗಾಳಿ ಒಂದು ಸಲ ಕೆಂಪು ನೀರು, ನಾನು ಅದನ್ನ ನೋಡಿ ಕೂಗ್ಕೊಂಡು ಪಂಪ್‌ಹೌಸ್ ಕಡೆ ಓಡ್ತಿದ್ದೆ, ಅಷ್ಟರಲ್ಲಿ ನೆಲದ ಒಳಗಿಂದ ಧಡ್ ಅಂತ ಸದ್ದು, ಕಾಲಿಗೇ ಗೊತ್ತಾಯ್ತು. ಓಡ್ತಿರೋ ನೀರು ತಟ್ಟನೆ ಅಡ್ಡಿಗೆ ಸಿಕ್ಕಿ ನಿಂತಾಗ ಪೈಪೊಳಗೆ ಸುತ್ತಿಗೆಲಿ ಹೊಡೆದ ಹಾಗೆ ಒತ್ತಡ ಏಳುತ್ತೆ, ವಾಟರ್ ಹ್ಯಾಮರ್ ಅಂತಾರೆ, ಹೆಸರು ಸರಿಯಾಗೇ ಇಟ್ಟಿದಾರೆ. ಆರನೇ ಫೇರ್‌ವೇ ಅಂಚಲ್ಲಿ ಪೈಪ್ ತಿರುಗೋ ಎಲ್ಬೋ ಒಡೆದು, ಐದು ನಿಮಿಷದಲ್ಲಿ ಅಲ್ಲೊಂದು ಸಣ್ಣ ಕೆರೆ, ಬಾತುಕೋಳಿ ಒಂದು ಬಾಕಿ. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಸುಮ್ನೆ ಹೇಳಿಲ್ಲ.

ಒಡೆಯೋದು ಯಾರ ಕೈಲಾದ್ರೂ ಆಗುತ್ತೆ, ಎಲ್ಬೋ ಹಳೇದಿತ್ತು ಅದನ್ನೂ ಒಪ್ಕೋತೀನಿ. ನನಗೆ ಬೇಜಾರಾಗಿದ್ದು ಆಮೇಲಿನದು. ಮಾರನೇ ದಿನ ಅಗೆದು ಹೊಸ ಎಲ್ಬೋ ಹಾಕಿ ಮುಚ್ಚಿದ್ರು, ಮುಚ್ಚೋವಾಗ ಮಣ್ಣನ್ನ ಪದರ ಪದರವಾಗಿ ದಮ್ಮಸು ಮಾಡ್ಲಿಲ್ಲ, ಮೇಲಿಂದ ಸುರಿದು ಕಾಲಲ್ಲಿ ತುಳಿದು ಹುಲ್ಲಿನ ಹಾಸು ವಾಪಸ್ ಇಟ್ಟು ಹೋದ್ರು. ಹತ್ತು ದಿನಕ್ಕೆ ಅದು ಎರಡಿಂಚು ಕುಸಿದು ಈಗ ಅಲ್ಲಿ ತೊಟ್ಟಿಲ ಥರ ತಗ್ಗು, ಮೋವರ್ ಆ ಕಡೆ ಹೋದಾಗೆಲ್ಲ ಅಂಚಿನ ಹುಲ್ಲು ಬೋಳಿಸ್ಕೊಂಡು ಬರುತ್ತೆ. ಬಿಲ್ ಬಂದಾಗ ನೋಡಿದ್ರೆ ಎಲ್ಬೋ ಮತ್ತೆ ಕೂಲಿ ಎರಡೂ ಬೇರೆ ಸಾಲಲ್ಲಿ ಸೇರ್ಸಿದಾರೆ! ಫೋನ್ ಮಾಡಿದೆ. ಟೀಮ್ ಹೆಡ್ಡು ಪಾಪ ನೇರ ಮನುಷ್ಯ, "ಕೂಲಿ ತೆಗೀತೀನಿ ಸರ್, ಸಾಮಾನಿನ ದುಡ್ಡು ಮಾತ್ರ ಕೊಡಿ" ಅಂದ್ರು. ನಾನು "ಮಣ್ಣು ತಣ್ಣಗಿದೆ ಅಂತ ಟ್ರೈಲರ್ ವಾಪಸ್ ತಗೊಂಡು ಹೋದವ್ರು ನೀವು, ನೀರಿಗೂ ಅಷ್ಟೇ ತಾಳ್ಮೆ ಇಟ್ಟಿದ್ರೆ ಸಾಮಾನು ಯಾಕೆ ಬೇಕಿತ್ತು" ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಅವರೇ ಅಂದ್ರು, "ಅವತ್ತು ನಾನು ಇರ್ಬೇಕಿತ್ತು".

ನನ್ನ ದೂರು ಅಷ್ಟೇ. ಈ ಸರ್ವಿಸ್‌ನ ಬುದ್ಧಿ ಎಲ್ಲ ಒಬ್ಬರ ತಲೇಲಿದೆ, ಅವರು ಬಂದ ದಿನ ನಿಮಗೆ ಐದು ಸ್ಟಾರ್ ಕೆಲಸ, ಬರದ ದಿನ ನಿಮ್ಮ ಅದೃಷ್ಟ. ಬುಕ್ ಮಾಡೋದಾದ್ರೆ ಯಾವ್ಯಾವ ದಿನ ಅವರು ಖುದ್ದಾಗಿ ಇರ್ತಾರೆ ಅಂತ ಮೊದಲೇ ಬರೆಸ್ಕೊಳ್ಳಿ, ಮುಖ್ಯವಾಗಿ ನೀರಿನ ದಿನ.

ಬಂಕರ್ ಕೆಲಸ ಪರವಾಗಿಲ್ಲ. ಕಂಬಿ ಚುಚ್ಚಿ ಅಳೆದು ತಳದಲ್ಲಿ 4ರಿಂದ 6 ಇಂಚು, ಇಳಿಜಾರಿನ ಗೋಡೇಲಿ ಅದರ ಅರ್ಧ ಮರಳು ನಿಲ್ಲಿಸಿದ್ರು, ಗೋಡೇಲಿ ಜಾಸ್ತಿ ಹಾಕಿದ್ರೆ ಮೊದಲ ಮಳೆಗೇ ಜಾರಿ ಕೆಳಗೆ ಬರುತ್ತೆ, ಬಾಲ್ ಹೂತು ಹೋಗುತ್ತೆ. ಅಂಚು ಕತ್ತರಿಸಿದ್ದು ಮಾತ್ರ ಸ್ವಲ್ಪ ಒರಟು, ಐದನೇ ಬಂಕರಿನ ಆಕಾರ ಕಳೆದ ವರ್ಷ ಹುರುಳಿ ಬೀಜದ ಹಾಗಿತ್ತು, ಈಗ ಆಲೂಗಡ್ಡೆ.

ಕೊನೇಗೆ ಗ್ರೀನ್‌ಗಳು ತೆರೆಯೋ ಹಿಂದಿನ ವಾರ ಸ್ಪೀಡ್ ಅಳೆದು ರಿಪೋರ್ಟ್ ಕೊಟ್ರು. ಸ್ಟಿಂಪ್‌ಮೀಟರ್ ಅಂತ ಒಂದು ಪಟ್ಟಿ, 36 ಇಂಚು ಉದ್ದ, ಅದರಲ್ಲಿ ಬಾಲ್ ಕೂರೋಕೆ ಒಂದು ಸಣ್ಣ ತಗ್ಗು, ಒಂದು ತುದಿ ನೆಲಕ್ಕಿಟ್ಟು ಇನ್ನೊಂದನ್ನ ನಿಧಾನಕ್ಕೆ ಎತ್ತಿದ್ರೆ ಸುಮಾರು 20 ಡಿಗ್ರಿಗೆ ಬಾಲ್ ತಾನಾಗೇ ಹೊರಡುತ್ತೆ, ಎಷ್ಟು ಅಡಿ ಉರುಳ್ತೋ ಅದೇ ಗ್ರೀನಿನ ಸ್ಪೀಡ್. ಒಂದು ದಿಕ್ಕಿಗೆ ಮೂರು ಸಲ, ವಾಪಸ್ ದಿಕ್ಕಿಗೆ ಮೂರು ಸಲ, ಎರಡರ ಸರಾಸರಿ. 1935ರಲ್ಲಿ ಅಮೆರಿಕದ ಓಕ್‌ಮಾಂಟ್ ಕೋರ್ಸಲ್ಲಿ ಯುಎಸ್ ಓಪನ್ ಗಾಲ್ಫ್ ಟೂರ್ನಿ ನೋಡೋಕೆ ಹೋಗಿದ್ದ ಎಡ್ವರ್ಡ್ ಸ್ಟಿಂಪ್ಸನ್, ಗ್ರೀನ್‌ಗಳು ಅತಿ ಜೋರು ಅನ್ನೋದನ್ನ ಬಾಯಿಮಾತಲ್ಲಿ ಹೇಳಿದ್ರೆ ಸಾಲದು, ಅಳತೆ ಬೇಕು ಅಂತ ಮರದಲ್ಲಿ ಮಾಡ್ಕೊಂಡ ಸಾಧನ ಇದು, ಯುಎಸ್‌ಜಿಎ ಅಲ್ಯೂಮಿನಿಯಂ ರೂಪ ಕೊಟ್ಟಿದ್ದು 1970ರ ದಶಕದಲ್ಲಿ. ನಮ್ಮ ರಿಪೋರ್ಟಲ್ಲಿ ಒಂಬತ್ತು ಗ್ರೀನಿಗೂ ದಶಮಾಂಶ ಸಮೇತ ನಂಬರ್ ಇತ್ತು, ಬಣ್ಣದ ಗ್ರಾಫ್ ಇತ್ತು. ನನಗೆ ಬೇಕಾಗಿದ್ದು ಎರಡು ಗ್ರೀನ್‌ಗಳ ಮಧ್ಯೆ ಎಷ್ಟು ವ್ಯತ್ಯಾಸ ಇದೆ ಅನ್ನೋದು, ಮೆಂಬರ್‌ಗಳಿಗೆ ಬೇಕಾಗಿದ್ದು ದೊಡ್ಡ ನಂಬರ್. ತೂತಿನ ಮರಳು ಇನ್ನೂ ಕೂತಿಲ್ಲದ ವಾರದಲ್ಲಿ ಅಳೆದು ಬಣ್ಣದ ಗ್ರಾಫ್ ಮಾಡೋ ಬದಲು ಅದೇ ಎರಡು ಗಂಟೇಲಿ ಆರನೇ ಫೇರ್‌ವೇ ತಗ್ಗು ಸರಿ ಮಾಡಿದ್ರೆ ಸಾಕಿತ್ತು.

ಗ್ರೀನ್‌ಗಳು ಹದಿನೆಂಟು ದಿನಕ್ಕೆ ಪೂರ್ತಿ ಮುಚ್ಕೊಂಡ್ವು. ನಾಲ್ಕನೇದರ ಸತ್ತ ಜಾಗಕ್ಕೆ ಬೆಂಟ್‌ಗ್ರಾಸ್ ಬೀಜ ಹಾಕಿ ತೆಳು ಬಟ್ಟೆ ಹೊದಿಸಿದ್ವಿ, ಎರಡನೇ ವಾರ ಬಟ್ಟೆ ಎತ್ತಿ ನೋಡಿದ್ರೆ ಗಡ್ಡ ಮೂಡೋ ಹುಡುಗನ ಗಲ್ಲದ ಥರ ಹಸಿರು ನೂಲು. ಬೇಗ ತೆರೆದಿದ್ದಾರೆ ಅಂತ ಮೆಂಬರ್‌ಗಳು ಹೇಳ್ತಿದ್ದ ಕೋರ್ಸಿಗೆ ಮೊನ್ನೆ ಹೋಗಿದ್ದೆ, ಅವರೂ ತೂತು ಹಾಕ್ಸಿದಾರೆ, ನಮಗಿಂತ ಮೂರು ವಾರ ಮುಂಚೆ. ತೂತುಗಳು ಇನ್ನೂ ಎಣಿಸೋ ಹಾಗಿತ್ತು. ನಾನು ಬಾಯಿ ಬಿಡಲಿಲ್ಲ.

ಹಿಮ ಬೀಳೋಕೆ ಮುಂಚೆ ಲೈನ್ ಊದೋ ಕೆಲಸಕ್ಕೂ ಇವರನ್ನೇ ಕರೀತೀನಿ, ಟೀಮ್ ಹೆಡ್ಡು ಖುದ್ದಾಗಿ ಬರ್ತೀನಿ ಅಂತ ಮೇಲ್‌ನಲ್ಲಿ ಬರೆದುಕೊಟ್ಟಿದಾರೆ. ಆರನೇ ಫೇರ್‌ವೇ ತಗ್ಗಿಗೆ ಮಾತ್ರ ಈ ವಾರ ಬರ್ತೀವಿ ಅಂದವ್ರು ಇನ್ನೂ ಬಂದಿಲ್ಲ, ಬಂದ್ರೆ ಇಲ್ಲೇ ಎಡಿಟ್ ಮಾಡಿ ನಾಲ್ಕು ಸ್ಟಾರ್ ಹಾಕ್ತೀನಿ.